ಕೀಟ ನಿರೋಧಕ ಕುಲಾಂತರಿ ಮುಸುಕಿನ ಜೋಳ: ಬೀಜದ ಚೀಟಿ, ಸರ್ಕಾರದ ಅನುಮತಿ ಬಗ್ಗೆ ಕೊಡಗಿನ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಹತ್ತಿರವಾದರೆ ಕುಶಾಲನಗರ, ಹೆಬ್ಬಾಲೆ, ಶನಿವಾರಸಂತೆ, ಕೊಡ್ಲಿಪೇಟೆ ಕಡೆ ಬೀಜದಂಗಡಿಗಳ ಮುಂದೆ ಜೋಳದ್ದೇ ಮಾತು. ಲದ್ದಿ ಹುಳುವಿನ ಕಾಟ ಶುರುವಾದ ಮೇಲೆ ಆ ಮಾತಿನ ಜೊತೆಗೆ ‘ಹುಳ ಬೀಳದ ಬಿಟಿ ಜೋಳ ಬಂದಿದೆಯಂತೆ, ಹೌದಾ?’ ಎಂಬ ವಿಚಾರಣೆಯೂ ಸೇರಿಕೊಂಡಿದೆ. ಪ್ರಶ್ನೆ ಸಣ್ಣದು, ಉತ್ತರ ಉದ್ದ. ಬೀಜದ ಚೀಟಿಯ ಮೇಲೆ ಯಾರು ಏನು ಬರೆಯಬಹುದು, ಅದಕ್ಕೆ ಯಾರ ಒಪ್ಪಿಗೆ ಬೇಕು, ಬರೆದದ್ದು ಸುಳ್ಳಾದರೆ ಯಾರು ಹೊಣೆ ಎಂಬುದೆಲ್ಲ ಅದರೊಳಗೇ ಬರುತ್ತದೆ. ಒಂದೊಂದಾಗಿ ನೋಡೋಣ.

ನಮ್ಮ ದೇಶದಲ್ಲಿ ಬಿಟಿ ಮುಸುಕಿನ ಜೋಳ ಬೆಳೆಯಲು ಅನುಮತಿ ಇದೆಯೇ?

ಇಲ್ಲ. ಭಾರತದ ರೈತರು ಕಾನೂನುಬದ್ಧವಾಗಿ ಹೊಲದಲ್ಲಿ ಬೆಳೆಯುತ್ತಿರುವ ಕುಲಾಂತರಿ ಬೆಳೆ, ಅಂದರೆ ಬೇರೆ ಜೀವಿಯ ಜೀನು ಸೇರಿಸಿದ ಬೆಳೆ, ಒಂದೇ: 2002ರಲ್ಲಿ ಅನುಮತಿ ಸಿಕ್ಕ ಬಿಟಿ ಹತ್ತಿ. ಬಿಟಿ ಬದನೆಗೆ 2009ರ ಅಕ್ಟೋಬರ್‌ನಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಿತ್ತು. ಆಗ ಪರಿಸರ ಸಚಿವರಾಗಿದ್ದ ಜೈರಾಂ ರಮೇಶ್ ಬೆಂಗಳೂರು ಸೇರಿದಂತೆ ಹಲವು ಊರುಗಳಲ್ಲಿ ಸಾರ್ವಜನಿಕ ಸಭೆ ನಡೆಸಿ, 2010ರ ಫೆಬ್ರುವರಿ 9ರಂದು ಅದನ್ನು ತಡೆಹಿಡಿದರು. ಕುಲಾಂತರಿ ಸಾಸಿವೆಗೆ 2022ರ ಅಕ್ಟೋಬರ್‌ನಲ್ಲಿ ಶಿಫಾರಸು ಆಯಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, 2024ರ ಜುಲೈನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಮುಸುಕಿನ ಜೋಳದ ವಿಷಯದಲ್ಲಿ ಪ್ರಾಯೋಗಿಕ ತಾಕುಗಳಲ್ಲಿ ಪರೀಕ್ಷೆ ನಡೆದಿದೆ ಅಷ್ಟೆ. ಮಾರುಕಟ್ಟೆಗೆ ಬಿಡಲು ಯಾವ ಕಂಪನಿಗೂ ಅನುಮತಿ ಸಿಕ್ಕಿಲ್ಲ.

ಹಾಗಾದರೆ ಅಂಗಡಿಯಲ್ಲಿ ‘ಇದು ಬಿಟಿ, ಹುಳ ಬೀಳಲ್ಲ’ ಅಂತ ಕೊಟ್ಟರಲ್ಲ, ಆ ಪ್ಯಾಕೆಟ್ ಏನು?

ಬಹುಪಾಲು ಅದು ಸಾಮಾನ್ಯ ಹೈಬ್ರಿಡ್ ಬೀಜ. ಬೀಜಕ್ಕೆ ಕೀಟನಾಶಕ ಲೇಪಿಸಿದ್ದರೆ ಮೊದಲ ಎರಡು ಮೂರು ವಾರ ಪೈರಿಗೆ ಹುಳ ಕಡಿಮೆ ತಗಲುತ್ತದೆ. ಅದನ್ನೇ ಅಂಗಡಿಯವರು ‘ಬಿಟಿ’ ಅಂದುಬಿಡುತ್ತಾರೆ. ಹತ್ತಿಯಿಂದಾಗಿ ಬಿಟಿ ಎಂಬ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಇದೆ, ಹಾಗಾಗಿ ಆ ಹೆಸರು ಹೇಳಿದರೆ ವ್ಯಾಪಾರವಾಗುತ್ತದೆ. ಪ್ಯಾಕೆಟ್ ತಿರುಗಿಸಿ ನೋಡಿ, ಚೀಟಿಯ ಮೇಲೆ ಎಲ್ಲಿಯೂ ಬಿಟಿ ಎಂದು ಅಚ್ಚಾಗಿರುವುದಿಲ್ಲ. ಬಾಯಲ್ಲಿ ಹೇಳಿದ್ದಕ್ಕೂ ಚೀಟಿಯಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಚೀಟಿಯನ್ನೇ ನಂಬಬೇಕು.

ಚೀಟಿಯ ಮೇಲೇ ಬಿಟಿ ಎಂದು ಬರೆದಿದ್ದರೆ ಅದು ಇನ್ನೂ ಕೆಟ್ಟದ್ದು. ಒಂದೋ ಬರೆದದ್ದು ಸುಳ್ಳು, ಇಲ್ಲವೇ ಅನುಮತಿ ಇಲ್ಲದ ಬೀಜ ಕಳ್ಳದಾರಿಯಲ್ಲಿ ಬಂದಿದೆ. ಹತ್ತಿಯಲ್ಲಿ ಕಳೆನಾಶಕ ತಾಳಿಕೊಳ್ಳುವ ಅನಧಿಕೃತ ಬೀಜ ಹಳ್ಳಿ ಹಳ್ಳಿಗೆ ನುಗ್ಗಿದ್ದು ಹೀಗೆಯೇ. ಅಂಥ ಬೀಜ ಕೈಕೊಟ್ಟರೆ ರೈತನ ಹತ್ತಿರ ಬಿಲ್ಲೂ ಇರುವುದಿಲ್ಲ, ದೂರು ಕೊಡಲು ಮುಖವೂ ಇರುವುದಿಲ್ಲ. ದಯವಿಟ್ಟು ಕೊಳ್ಳಬೇಡಿ.

ಬೀಜ ನೋಡಿ ಬಿಟಿಯೋ ಅಲ್ಲವೋ ಹೇಳಬಹುದೇ?

ಆಗುವುದಿಲ್ಲ. ಕಾಳಿನ ಗಾತ್ರ, ಬಣ್ಣ, ಪೈರಿನ ಎತ್ತರ, ಯಾವುದರಿಂದಲೂ ಗೊತ್ತಾಗದು. ಎಲೆಯನ್ನು ಅರೆದು ಅದರಲ್ಲಿ ಕಾಗದದ ಪಟ್ಟಿ ಅದ್ದಿ ಬಿಟಿ ಪ್ರೋಟೀನ್ ಇದೆಯೇ ಎಂದು ನೋಡುವ ಪರೀಕ್ಷೆ ಇದೆ. ಅದಕ್ಕಿಂತ ಖಚಿತವಾಗಿ ತಿಳಿಯಬೇಕೆಂದರೆ ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆ ಮಾಡಿಸಬೇಕು. ಕಣ್ಣಿಗೆ ಕಾಣದ ಗುಣವಾದ್ದರಿಂದಲೇ ಚೀಟಿಗೆ ಇಷ್ಟು ಮಹತ್ವ.

ಬಿಟಿ ಅಂದರೆ ಒಳಗೆ ನಿಜವಾಗಿ ಇರುವುದೇನು?

ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯದ ಹೆಸರನ್ನು ಮೊಟಕು ಮಾಡಿ ಬಿಟಿ ಎನ್ನುತ್ತಾರೆ. 1901ರಲ್ಲಿ ಜಪಾನಿನಲ್ಲಿ ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ ಇದು ಮೊದಲು ಕಂಡಿತು. 1911ರಲ್ಲಿ ಜರ್ಮನಿಯ ಥುರಿಂಜಿಯಾ ಪ್ರಾಂತ್ಯದಲ್ಲಿ ಸಿಕ್ಕಿದ್ದರಿಂದ ಈ ಹೆಸರು ಬಂತು. ಈ ಬ್ಯಾಕ್ಟೀರಿಯ ತಯಾರಿಸುವ ಕ್ರೈ ಪ್ರೋಟೀನು ಹುಳುವಿನ ಕ್ಷಾರಗುಣದ ಕರುಳಿನಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿ ತೂತು ಮಾಡುತ್ತದೆ. ಹುಳ ಮೇಯುವುದು ನಿಲ್ಲಿಸಿ ಸಾಯುತ್ತದೆ. ನಮ್ಮ ಹೊಟ್ಟೆ ಆಮ್ಲದ್ದು, ಆ ಪ್ರೋಟೀನು ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಸಾವಯವ ಕೃಷಿಯವರೂ ಬಿಟಿ ಪುಡಿಯನ್ನು ಹಳೆಯ ಕಾಲದಿಂದ ಸಿಂಪಡಿಸುತ್ತಾ ಬಂದಿದ್ದಾರೆ.

ಕುಲಾಂತರಿ ಜೋಳದಲ್ಲಿ ಆ ಪ್ರೋಟೀನು ತಯಾರಿಸುವ ಜೀನನ್ನೇ ಗಿಡಕ್ಕೆ ಸೇರಿಸಿರುತ್ತಾರೆ. ಸಿಂಪಡಿಸಿದ ಪುಡಿ ಬಿಸಿಲಿಗೆ, ಮಳೆಗೆ ಹೋಗಿಬಿಡುತ್ತದೆ. ಗಿಡದೊಳಗಿನ ಪ್ರೋಟೀನು ಬೆಳೆ ಮುಗಿಯುವ ತನಕ ಇರುತ್ತದೆ. ಲಾಭವೂ ಅಪಾಯವೂ ಎರಡೂ ಇಲ್ಲಿಂದಲೇ ಹುಟ್ಟುತ್ತವೆ.

ಲದ್ದಿ ಹುಳುವಿಗೆ ಇದು ಪರಿಹಾರ ಅಲ್ಲವೇ? ಯಾಕೆ ತಡ?

ಈ ಕೇಳಿಕೆಯ ಹಿಂದಿನ ಸಂಕಟ ನಿಜವಾದದ್ದು. ಈ ಲದ್ದಿ ಹುಳು, ಅಂದರೆ ಫಾಲ್ ಸೈನಿಕ ಹುಳು, ಅಮೆರಿಕ ಖಂಡದ್ದು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ರಾಜ್ಯದ ಶಿವಮೊಗ್ಗದಲ್ಲಿ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ. ಸುಳಿ ಬಿಡಿಸಿದರೆ ಒದ್ದೆ ಮರದಪುಡಿಯಂಥ ಹಿಕ್ಕೆ, ಅದರಡಿ ಸಾಮಾನ್ಯವಾಗಿ ಒಂದೇ ದಪ್ಪ ಹುಳು, ಏಕೆಂದರೆ ಅವು ಒಂದನ್ನೊಂದು ತಿನ್ನುತ್ತವೆ. ಬೆಳಗಿನ ಮಂಜಿನಲ್ಲಿ ಸಾಲಿನುದ್ದಕ್ಕೂ ತೂತಾದ ಎಲೆ ಕಂಡ ರೈತ ‘ಹುಳ ಬೀಳದ ಬೀಜ ಕೊಡಿ’ ಅನ್ನುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಎಲ್ಲ ಬಿಟಿಯೂ ಒಂದೇ ಅಲ್ಲ. ಎಂಒಎನ್ 810 ಎಂಬ ಹಳೆಯ ಜೋಳದಲ್ಲಿರುವುದು ಕ್ರೈ1ಎಬಿ ಎಂಬ ಪ್ರೋಟೀನು. ಅದನ್ನು ಮುಖ್ಯವಾಗಿ ಕಾಂಡ ಕೊರೆಯುವ ಹುಳುವಿಗೆಂದು ತಯಾರಿಸಿದ್ದು, ಲದ್ದಿ ಹುಳುವಿನ ಮೇಲೆ ಅದರ ಪ್ರಭಾವ ಕಡಿಮೆ. ಟಿಸಿ 1507 ಜೋಳದ ಕ್ರೈ1ಎಫ್ ಪ್ರೋಟೀನಿಗೆ ಪೋರ್ಟೊ ರಿಕೊದಲ್ಲಿ ಲದ್ದಿ ಹುಳು ಕೆಲವೇ ವರ್ಷಗಳಲ್ಲಿ ಒಗ್ಗಿಕೊಂಡಿತು, ಆ ಬೀಜವನ್ನು ಅಲ್ಲಿ ಮಾರುವುದನ್ನೇ ನಿಲ್ಲಿಸಬೇಕಾಯಿತು. ಬ್ರೆಜಿಲ್‌ನಲ್ಲೂ ಅದೇ ಪ್ರೋಟೀನಿಗೆ ಅದು ಬಗ್ಗದಾಯಿತು. ಮುಂದೊಮ್ಮೆ ನಮ್ಮಲ್ಲಿಗೆ ಬಂದರೆ ‘ಬಿಟಿ’ ಎಂಬ ಎರಡಕ್ಷರ ಕೇಳಿ ತೃಪ್ತಿಪಡಬಾರದು. ಯಾವ ಪ್ರೋಟೀನು, ಯಾವ ಹುಳುವಿಗೆ ಎಂಬುದು ಚೀಟಿಯಲ್ಲಿ ಇರಲೇಬೇಕು.

ಅಲ್ಲಿಯವರೆಗೆ ಕೈಯಲ್ಲಿರುವ ದಾರಿಗಳು: ಅಕ್ಕಪಕ್ಕದವರೆಲ್ಲ ಒಟ್ಟಿಗೇ ಬಿತ್ತುವುದು, ಮೊಟ್ಟೆಯ ಗುಂಪುಗಳನ್ನು ಕೈಯಲ್ಲಿ ಹೊಸಕುವುದು, ಮೋಹಕ ಬಲೆ ಕಟ್ಟುವುದು, ಹುಳ ಸಣ್ಣದಿರುವಾಗಲೇ ಬೇವಿನ ಕಷಾಯ, ಮಿತಿ ಮೀರಿದರೆ ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟ್ ಶೇ 5 ಎಸ್‌ಜಿ. ಸಿಂಪಡಣೆ ಸುಳಿಯೊಳಗೆ ಇಳಿಯಬೇಕು, ಎಲೆಯ ಮೇಲೆ ಹೊಡೆದರೆ ದುಡ್ಡು ದಂಡ.

ಅಮೆರಿಕದಲ್ಲಿ ಬಿಟಿ ಜೋಳದ ಚೀಟಿಗೆ ಸರ್ಕಾರ ಮುದ್ರೆ ಹಾಕುತ್ತದಂತೆ, ಹೇಗೆ?

ಹೌದು, ಅಲ್ಲಿನ ಕ್ರಮ ತಿಳಿದುಕೊಂಡರೆ ನಮಗೆ ಏನು ಕೇಳಬೇಕು ಎಂಬುದು ಗೊತ್ತಾಗುತ್ತದೆ. ಅಲ್ಲಿ ಮೂರು ಇಲಾಖೆಗಳು ನೋಡುತ್ತವೆ. ಗಿಡ ಬೇರೆ ಬೆಳೆಗಳಿಗೆ ಪೀಡೆಯಾಗುತ್ತದೆಯೇ ಎಂದು ಕೃಷಿ ಇಲಾಖೆ, ತಿನ್ನಲು ಸುರಕ್ಷಿತವೇ ಎಂದು ಆಹಾರ ಮತ್ತು ಔಷಧ ಆಡಳಿತ, ಗಿಡದೊಳಗಿನ ಕೀಟನಾಶಕದ ಗುಣವನ್ನು ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ. ಸಿಂಪಡಿಸುವ ಔಷಧಕ್ಕೆ ಇರುವ ಕಾನೂನನ್ನೇ ಇಪಿಎ ಈ ಬೀಜಕ್ಕೂ ಅನ್ವಯಿಸುತ್ತದೆ. ಜೀನು ಮತ್ತು ಪ್ರೋಟೀನು ಸೇರಿ ‘ಗಿಡದೊಳಗೇ ಸೇರಿದ ರಕ್ಷಕ’ ಎಂದು ನೋಂದಣಿಯಾಗುತ್ತದೆ, ಅದಕ್ಕೊಂದು ನೋಂದಣಿ ಸಂಖ್ಯೆ ಸಿಗುತ್ತದೆ. ಮೊದಲ ಬಿಟಿ ಜೋಳ ನೋಂದಣಿಯಾದದ್ದು 1995ರಲ್ಲಿ, ಹೊಲಕ್ಕೆ ಬಂದದ್ದು 1996ರಲ್ಲಿ.

ಕಂಪನಿ ತಾನು ಅಚ್ಚು ಹಾಕಬೇಕೆಂದಿರುವ ಚೀಟಿಯ ಪೂರ್ತಿ ಪಠ್ಯವನ್ನು ಮೊದಲೇ ಇಪಿಎಗೆ ಕೊಡಬೇಕು. ಯಾವ ಪ್ರೋಟೀನು, ತೂಕದಲ್ಲಿ ಶೇಕಡಾ ಎಷ್ಟು, ಯಾವ ಬೆಳೆಯಲ್ಲಿ, ಯಾವ ಹುಳುಗಳಿಗೆ, ಬೆಳೆಗಾರ ಏನು ಪಾಲಿಸಬೇಕು, ಎಲ್ಲವೂ ಅದರಲ್ಲಿರುತ್ತದೆ. ಸಂಸ್ಥೆ ಓದಿ, ತಿದ್ದಿಸಿ, ‘ಒಪ್ಪಿದೆ’ ಎಂಬ ಮುದ್ರೆ ಒತ್ತಿದ ಪ್ರತಿಯನ್ನು ಪತ್ರದ ಜೊತೆ ವಾಪಸ್ ಕಳಿಸುತ್ತದೆ. ಮುಂದೆ ಒಂದು ಹುಳುವಿನ ಹೆಸರು ಸೇರಿಸಬೇಕೆಂದರೂ ಕಂಪನಿ ಮತ್ತೆ ಅರ್ಜಿ ಹಾಕಬೇಕು. ಇಂಥ ಅನೇಕ ನೋಂದಣಿಗಳು ಷರತ್ತುಬದ್ಧ, ಅವಧಿಗೆ ಒಳಪಟ್ಟವು. ಹುಳ ಒಗ್ಗಿಕೊಳ್ಳುತ್ತಿದೆಯೇ ಎಂದು ಕಂಪನಿ ಕಣ್ಣಿಟ್ಟು ವರದಿ ಕೊಡುತ್ತಿರಬೇಕು. ಆ ಮುದ್ರೆಯೊತ್ತಿದ ಚೀಟಿಗಳು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ತೆಗೆದು ಓದಬಹುದು. ನನಗೆ ಬಹಳ ಹಿಡಿಸುವುದು ಇದೇ. ಚೀಟಿಯ ಮೇಲಿನ ಒಂದೊಂದು ವಾಕ್ಯಕ್ಕೂ ಹೊಣೆಗಾರರು ಇದ್ದಾರೆ.

ಮುದ್ರೆ ಬಿದ್ದ ಮೇಲೆ ಎಲ್ಲ ಸರಿ ಇರುತ್ತದೆಯೇ?

ಸ್ಟಾರ್‌ಲಿಂಕ್ ಜೋಳದ ಕಥೆ ಕೇಳಿ. ಅದರಲ್ಲಿದ್ದದ್ದು ಕ್ರೈ9ಸಿ ಎಂಬ ಪ್ರೋಟೀನು. ಅದು ಬೇಗ ಜೀರ್ಣವಾಗುವುದಿಲ್ಲ, ಕೆಲವರಿಗೆ ಅಲರ್ಜಿ ಆದೀತೇನೋ ಎಂಬ ಅನುಮಾನವಿತ್ತು. ಹಾಗಾಗಿ 1998ರಲ್ಲಿ ಇಪಿಎ ಅದನ್ನು ದನ, ಕೋಳಿ ಮೇವಿಗೆ ಮತ್ತು ಕೈಗಾರಿಕೆಗೆ ಮಾತ್ರ ಒಪ್ಪಿತು, ಮನುಷ್ಯರ ಆಹಾರಕ್ಕೆ ಒಪ್ಪಲಿಲ್ಲ. ಬೆಳೆಗಾರರು ಒಪ್ಪಂದಕ್ಕೆ ಸಹಿ ಹಾಕಬೇಕು, ಸುತ್ತ 660 ಅಡಿ ಅಂತರ ಬಿಡಬೇಕು, ಫಸಲು ಬೇರೆಯಾಗಿಡಬೇಕು ಎಂಬ ಷರತ್ತುಗಳೂ ಇದ್ದವು. ಕಾಗದದ ಮೇಲೆ ಎಲ್ಲ ಅಚ್ಚುಕಟ್ಟು.

2000ದ ಸೆಪ್ಟೆಂಬರ್‌ನಲ್ಲಿ ಅದೇ ಜೋಳದ ಕುರುಹು ಅಂಗಡಿಯಲ್ಲಿ ಮಾರುವ ಟಾಕೊ ಎಂಬ ತಿಂಡಿಯಲ್ಲಿ ಸಿಕ್ಕಿತು. ಅಮೆರಿಕದ ಒಟ್ಟು ಜೋಳದ ನೆಲದಲ್ಲಿ ಶೇ 1ಕ್ಕೂ ಕಡಿಮೆ ಜಾಗದಲ್ಲಿ ಬೆಳೆದಿದ್ದ ಬೀಜ ಅದು. ಆದರೂ ಪರಾಗ ಹಾರಿತ್ತು, ಉಗ್ರಾಣಗಳಲ್ಲಿ ಕಾಳು ಬೆರೆತಿತ್ತು. ಷರತ್ತಿನ ವಿಷಯ ತಮಗೆ ಯಾರೂ ಹೇಳಲೇ ಇಲ್ಲ ಎಂದು ಹಲವು ಬೆಳೆಗಾರರು ಅಂದರು. ನೂರಾರು ಆಹಾರ ಪದಾರ್ಥಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಸಬೇಕಾಯಿತು, ಅಕ್ಟೋಬರ್‌ನಲ್ಲಿ ಕಂಪನಿ ನೋಂದಣಿಯನ್ನೇ ಬಿಟ್ಟುಕೊಟ್ಟಿತು. ಅಲರ್ಜಿಯಾಯಿತು ಎಂದ 28 ಜನರ ರಕ್ತವನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಪರೀಕ್ಷಿಸಿತು, ಈ ಪ್ರೋಟೀನಿನಿಂದ ಅಲರ್ಜಿ ಆದದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಆದರೂ ‘ಮೇವಿಗೆ ಸರಿ, ಊಟಕ್ಕೆ ಬೇಡ’ ಎಂಬ ಅರ್ಧ ಅನುಮತಿಯನ್ನು ಇನ್ನು ಕೊಡುವುದಿಲ್ಲ ಎಂದು ಇಪಿಎ ತೀರ್ಮಾನಿಸಿತು.

ಇಂಗ್ಲಿಷ್ ಮಾತಾಡುವ, ಸಾವಿರಾರು ಎಕರೆ ಹೊಲದ, ಇಂಗ್ಲಿಷಿನಲ್ಲೇ ಚೀಟಿ ಇದ್ದ ದೇಶದಲ್ಲಿ ಹೀಗಾಯಿತು. ಒಂದೂವರೆ ಎಕರೆಯ ಶನಿವಾರಸಂತೆ ಹೋಬಳಿಯ ರೈತನಿಗೆ, ಓದಲಾಗದ ಭಾಷೆಯಲ್ಲಿ, ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಷರತ್ತು ಅಚ್ಚು ಹಾಕಿಕೊಟ್ಟರೆ ಅದನ್ನು ಪಾಲಿಸು ಎನ್ನಲು ಯಾರಿಗೂ ಹಕ್ಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲಿ ಅನುಮತಿಯ ದಾರಿ ಹೇಗಿದೆ?

1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ 1989ರ ಡಿಸೆಂಬರ್‌ನಲ್ಲಿ ಬಂದ ನಿಯಮಗಳೇ ಇವತ್ತಿಗೂ ಆಧಾರ. ಸಂಶೋಧನೆ ನಡೆಸುವ ಸಂಸ್ಥೆಯೊಳಗೇ ಒಂದು ಜೈವಿಕ ಸುರಕ್ಷತಾ ಸಮಿತಿ, ಅದರ ಮೇಲೆ ಜೈವಿಕ ತಂತ್ರಜ್ಞಾನ ಇಲಾಖೆಯ ಆರ್‌ಸಿಜಿಎಂ ಎಂಬ ಪರಿಶೀಲನಾ ಸಮಿತಿ, ಕೊನೆಗೆ ಪರಿಸರ ಸಚಿವಾಲಯದ ಜಿಇಎಸಿ ಎಂಬ ತಜ್ಞರ ಸಮಿತಿ. ಹೊಲದ ಪರೀಕ್ಷೆಗೆ ರಾಜ್ಯ ಸರ್ಕಾರದ ನಿರಾಕ್ಷೇಪಣಾ ಪತ್ರವೂ ಬೇಕು. ಇದೇ ನಿಯಮಗಳಲ್ಲಿ ರಾಜ್ಯ ಮಟ್ಟದ ಸಮಿತಿಗೂ ಜಿಲ್ಲಾಧಿಕಾರಿಯ ನೇತೃತ್ವದ ಜಿಲ್ಲಾ ಮಟ್ಟದ ಸಮಿತಿಗೂ ಜಾಗ ಇದೆ. ಅಂದರೆ ಮಡಿಕೇರಿಗೂ ಇದರಲ್ಲಿ ಪಾಲಿದೆ, ಎಲ್ಲವೂ ದೆಹಲಿಯದ್ದೇ ಅಲ್ಲ.

ಪರಿಸರದ ಅನುಮತಿ ಸಿಕ್ಕ ಮಾತ್ರಕ್ಕೆ ಮುಗಿಯಲಿಲ್ಲ. ಬೀಜವಾಗಿ ಮಾರಲು 1966ರ ಬೀಜ ಕಾಯ್ದೆ, 1968ರ ಬೀಜ ನಿಯಮಗಳು, 1983ರ ಬೀಜ ನಿಯಂತ್ರಣ ಆದೇಶ ಅನ್ವಯಿಸುತ್ತವೆ. ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ ಒಪ್ಪಿಗೆ ಬೇಕು.

ಮುಂದೆ ಅನುಮತಿ ಸಿಕ್ಕರೆ ಚೀಟಿಯಲ್ಲಿ ಏನೇನು ಇರಬೇಕು?

ಇದಕ್ಕೆ ಹತ್ತಿಯ ಉದಾಹರಣೆ ಕಣ್ಣ ಮುಂದಿದೆ. 2002ರಲ್ಲಿ ಜಿಇಎಸಿ ಹಾಕಿದ ಷರತ್ತುಗಳ ಪ್ರಕಾರ ಪ್ಯಾಕೆಟ್ಟಿನ ಮೇಲೆ ಸೇರಿಸಿದ ಜೀನಿನ ಹೆಸರು, ಅನುಮತಿಯ ಉಲ್ಲೇಖ, ಭೌತಿಕ ಮತ್ತು ಆನುವಂಶಿಕ ಶುದ್ಧತೆ ಬರೆಯಬೇಕಿತ್ತು. ಬಿತ್ತುವ ಕ್ರಮ, ಕೀಟ ನಿರ್ವಹಣೆ, ಯಾವ ಹವಾಮಾನಕ್ಕೆ ಹೊಂದುತ್ತದೆ ಎಂಬ ವಿವರ ಸ್ಥಳೀಯ ಭಾಷೆಯಲ್ಲಿ ಇರಬೇಕಿತ್ತು. ಜೊತೆಗೆ ಬಿಟಿ ಅಲ್ಲದ ಹತ್ತಿ ಬೀಜದ ಪುಟ್ಟ ಪೊಟ್ಟಣ. 450 ಗ್ರಾಂ ಬಿಟಿ ಬೀಜಕ್ಕೆ 120 ಗ್ರಾಂ.

ಆ ಪುಟ್ಟ ಪೊಟ್ಟಣವೇ ಇಡೀ ತಂತ್ರಜ್ಞಾನದ ಆಯುಷ್ಯ. ಹೊಲದಂಚಿನಲ್ಲಿ ಬಿಟಿ ಅಲ್ಲದ ಬೆಳೆ ಇದ್ದರೆ ಅಲ್ಲಿ ವಿಷಕ್ಕೆ ಒಗ್ಗದ ಹುಳುಗಳು ಬದುಕಿ ಉಳಿಯುತ್ತವೆ. ಬಿಟಿ ಗಿಡದಲ್ಲಿ ಹೇಗೋ ಉಳಿದ ಗಟ್ಟಿ ಹುಳುವಿನ ಪತಂಗ ಇವುಗಳ ಜೊತೆ ಕೂಡಿದರೆ ಮರಿಗಳು ಮತ್ತೆ ಬಿಟಿಗೆ ಸಾಯುತ್ತವೆ. ಅದಕ್ಕೇ ಆಶ್ರಯ ಬೆಳೆ ಅನ್ನುವುದು. ಐದು ಸಾಲು ಅಥವಾ ಶೇ 20 ಜಾಗ, ಯಾವುದು ಹೆಚ್ಚೋ ಅಷ್ಟು ಎಂಬುದು ಆಗಿನ ನಿಯಮ. ನಮ್ಮ ರೈತರು ಬಹುತೇಕ ಆ ಪೊಟ್ಟಣ ಬಿತ್ತಲಿಲ್ಲ, ಯಾಕೆ ಬಿತ್ತಬೇಕೆಂದು ಕೂತು ಹೇಳಿದವರೂ ಕಡಿಮೆ. 2009ರ ಹೊತ್ತಿಗೆ ಗುಜರಾತಿನ ಅಮ್ರೇಲಿ ಮೊದಲಾದ ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ತಲೆಮಾರಿನ ಬಿಟಿಯನ್ನು ಅರಗಿಸಿಕೊಂಡಿತ್ತು.

ಜೋಳಕ್ಕೂ ಅಮೆರಿಕದಲ್ಲಿ ಶೇ 20 ಆಶ್ರಯ ಬೆಳೆ ಇತ್ತು, ಹತ್ತಿ ಬೆಳೆಯುವ ದಕ್ಷಿಣದ ಸೀಮೆಯಲ್ಲಿ ಶೇ 50. ಒಂದಕ್ಕಿಂತ ಹೆಚ್ಚು ಪ್ರೋಟೀನು ಸೇರಿಸಿದ ಕೆಲವು ಬೀಜಗಳಿಗೆ ಮುಂದೆ ಅದು ಶೇ 5ಕ್ಕೆ ಇಳಿಯಿತು, ಎರಡೂ ಬಗೆಯ ಬೀಜ ಒಂದೇ ಚೀಲದಲ್ಲಿ ಬೆರೆತು ಬರತೊಡಗಿತು. ನಮ್ಮ ಲೆಕ್ಕಕ್ಕೆ ತಂದರೆ, ಒಂದು ಎಕರೆಯಲ್ಲಿ ಶೇ 20 ಅಂದರೆ 8 ಗುಂಟೆ, ಶೇ 5 ಅಂದರೆ 2 ಗುಂಟೆ. ಒಂದೇ ಎಕರೆ ಇರುವವನಿಗೆ ಎಂಟು ಗುಂಟೆಯನ್ನು ಹುಳುವಿಗೆ ಬಿಡು ಅನ್ನುವುದು ಸಣ್ಣ ಮಾತಲ್ಲ. ಚೀಟಿಯಲ್ಲಿ ಶೇಕಡಾ ಬದಲು ಗುಂಟೆಯಲ್ಲೇ ಬರೆಯಲಿ, ಚಿತ್ರ ಹಾಕಲಿ, ಕನ್ನಡದಲ್ಲಿ ಬರೆಯಲಿ. ಬೆರೆಸಿದ ಚೀಲವಾದರೆ ಬೆರೆಸಿದ್ದೇವೆ ಎಂದೂ ಹೇಳಲಿ. ಇಲ್ಲವಾದರೆ ಅಲ್ಲಲ್ಲಿ ಹುಳ ಬಿದ್ದ ಗಿಡ ಕಂಡು ರೈತ ಬೀಜ ಕಲಬೆರಕೆ ಎಂದೇ ತಿಳಿಯುತ್ತಾನೆ.

ಈಗ ನಾವು ಕೊಳ್ಳುವ ಹೈಬ್ರಿಡ್ ಬೀಜದ ಚೀಟಿ ಓದುವುದು ಹೇಗೆ?

ಮೊದಲು ಬಣ್ಣ ನೋಡಿ. ತಿಳಿನೀಲಿ ಚೀಟಿ ಇದ್ದರೆ ಪ್ರಮಾಣಿತ ಬೀಜ, ಅಂದರೆ ಪ್ರಮಾಣನ ಸಂಸ್ಥೆ ಹೊಲ ನೋಡಿ, ಪರೀಕ್ಷಿಸಿ ಕೊಟ್ಟದ್ದು. ತಿಳಿಹಸಿರು ಇದ್ದರೆ ನಿಜಚೀಟಿ ಬೀಜ, ಬರೆದದ್ದಕ್ಕೆ ಕಂಪನಿಯೇ ಹೊಣೆ. ಖಾಸಗಿ ಕಂಪನಿಗಳ ಜೋಳ ಬಹುಪಾಲು ಹಸಿರು ಚೀಟಿಯದ್ದೇ. ಅದು ಕೀಳು ಅಂತಲ್ಲ.

ಆಮೇಲೆ ತಳಿಯ ಹೆಸರು, ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಯಾವ ದಿನಾಂಕದವರೆಗೆ ಬಳಸಬಹುದು, ನಿವ್ವಳ ತೂಕ, ಮಾರುವವರ ಹೆಸರು ವಿಳಾಸ. ಹೈಬ್ರಿಡ್ ಮುಸುಕಿನ ಜೋಳಕ್ಕೆ ಮೊಳಕೆ ಕನಿಷ್ಠ ಶೇ 90, ಭೌತಿಕ ಶುದ್ಧತೆ ಕನಿಷ್ಠ ಶೇ 98 ಇರಬೇಕು. ನಮ್ಮ ಮಲೆನಾಡಿನ ಅಂಚಿನ ಅಂಗಡಿಗಳಲ್ಲಿ ಒಂದು ಮಳೆಗಾಲ ಕಳೆದ ದಾಸ್ತಾನು ತೇವ ಹಿಡಿದಿರುವ ಸಂಭವ ಜಾಸ್ತಿ, ಹಾಗಾಗಿ ದಿನಾಂಕವನ್ನು ಅಂಗಡಿಯಲ್ಲೇ ನಿಂತು ಓದಿ. ಅನುಮಾನ ಇದ್ದರೆ ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಏಳನೇ ದಿನ ಎಣಿಸಿ.

ಅಂಗಡಿಯವರು ಪರವಾನಗಿ ಪಡೆದಿರಬೇಕು, ದಾಸ್ತಾನು ಮತ್ತು ಬೆಲೆಯ ಪಟ್ಟಿ ಕಾಣುವಂತೆ ಹಾಕಬೇಕು, ಬಿಲ್ ಕೊಡಬೇಕು. ಲಾಟ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ‘ಬಿಡಣ್ಣ, ನಮ್ಮವರೇ ಅಲ್ವಾ’ ಅಂದರೂ ಬಿಡಬೇಡಿ.

ಉಳಿದ ಗುಲಾಬಿ ಬಣ್ಣದ ಬೀಜ ಕೋಳಿಗೆ ಹಾಕಬಹುದೇ?

ಹಾಕಲೇಬಾರದು. ಅದು ಔಷಧ ಲೇಪಿಸಿದ ಬೀಜ. ಯಾವ ಔಷಧ, ಆಹಾರಕ್ಕೆ ಮೇವಿಗೆ ಎಣ್ಣೆಗೆ ಬಳಸಬಾರದು ಎಂದು ಚೀಟಿಯಲ್ಲಿ ಬರೆದಿರಬೇಕೆಂದು ನಿಯಮವಿದೆ. ತೊಳೆದರೂ ಹೋಗುವುದಿಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಿ.

ಪೇಟೆಯಲ್ಲಿ ಸಿಗುವ ಸ್ವೀಟ್ ಕಾರ್ನ್, ಪಾಪ್‌ಕಾರ್ನ್ ಕುಲಾಂತರಿಯೇ?

ಕುಶಾಲನಗರ, ಮಡಿಕೇರಿಯಲ್ಲಿ ಪ್ರವಾಸಿಗರಿಗೆ ಸುಟ್ಟು, ಬೇಯಿಸಿ ಮಾರುವ ಸ್ವೀಟ್ ಕಾರ್ನ್ ಸಾಮಾನ್ಯ ಹೈಬ್ರಿಡ್ ತಳಿಗಳದ್ದು. ಸಿಹಿಯಾಗಿದೆ ಎಂದ ಮಾತ್ರಕ್ಕೆ ಕುಲಾಂತರಿ ಅಲ್ಲ.

ಆಮದಿನ ವಿಷಯ ಬೇರೆ. ಮುಸುಕಿನ ಜೋಳವೂ ಸೇರಿ 24 ಬೆಳೆಗಳ ಆಮದಿಗೆ ‘ಕುಲಾಂತರಿ ಅಲ್ಲ’ ಎಂಬ ಪ್ರಮಾಣಪತ್ರ ಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಆಗಸ್ಟ್‌ನಲ್ಲಿ ಆದೇಶಿಸಿತು. ಅರಿವಿಲ್ಲದೆ ಬೆರೆತದ್ದಕ್ಕೆ ಶೇ 1ರ ವಿನಾಯಿತಿ ಇದೆ. ಕುಲಾಂತರಿ ಆಹಾರದ ಪ್ಯಾಕೆಟ್ಟಿನ ಮುಖಭಾಗದ ಮೇಲ್ತುದಿಯಲ್ಲಿ ‘ಜಿಎಂ’ ಎಂದು ಬರೆಯಬೇಕೆಂಬ ನಿಯಮ ಅಳತೆ ಮತ್ತು ತೂಕದ ಕಾನೂನಿನ ಕೆಳಗೆ 2013ರ ಜನವರಿ 1ರಿಂದಲೇ ಇದೆ. ಐರೋಪ್ಯ ಒಕ್ಕೂಟದಲ್ಲಿ ಮಿತಿ ಶೇ 0.9, ಅಮೆರಿಕದಲ್ಲಿ ಶೇ 5. ಒಂದೇ ಕಾಳು ಒಂದು ದೇಶದಲ್ಲಿ ಚೀಟಿ ಬೇಡುತ್ತದೆ, ಇನ್ನೊಂದರಲ್ಲಿ ಬೇಡುವುದಿಲ್ಲ.

ಹಂದಿ, ಕೋಳಿಗೆ ಅಂಥ ಜೋಳ ತಿನ್ನಿಸಿದರೆ ಮಾಂಸವೂ ಕುಲಾಂತರಿ ಆಗುತ್ತದೆಯೇ?

ಆಗುವುದಿಲ್ಲ. ಪ್ರೋಟೀನು, ಡಿಎನ್‌ಎ ಎರಡೂ ಜೀರ್ಣವಾಗುತ್ತವೆ. ಚೀಟಿಯ ವಿಷಯದಲ್ಲಿ ಬಹಳ ಬಿಗಿಯಾದ ಐರೋಪ್ಯ ಒಕ್ಕೂಟವೂ ಕುಲಾಂತರಿ ಮೇವು ತಿಂದ ಪ್ರಾಣಿಯ ಮಾಂಸ, ಹಾಲು, ಮೊಟ್ಟೆಗೆ ಚೀಟಿ ಕೇಳುವುದಿಲ್ಲ. 2021ರ ಆಗಸ್ಟ್‌ನಲ್ಲಿ ಕೋಳಿ ಮೇವಿಗೆ ಬರ ಬಂದಾಗ ಭಾರತವೇ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯನ್ನು ಆಮದು ಮಾಡಿಕೊಳ್ಳಲು ಬಿಟ್ಟಿತ್ತು.

ನಮ್ಮ ಕೊಡಗಿನ ಜೇನಿಗೆ ಇದರಿಂದ ತೊಂದರೆ ಇದೆಯೇ?

ಈ ಪ್ರಶ್ನೆ ಕೇಳುವವರು ಕಡಿಮೆ, ಆದರೆ ನಾವು ಕೇಳಲೇಬೇಕಾದದ್ದು. ಜೋಳದ ಸೂಲಂಗಿಗೆ ಜೇನುನೊಣ ಪರಾಗಕ್ಕಾಗಿ ಬರುತ್ತದೆ. ಜರ್ಮನಿಯ ಬವೇರಿಯಾದಲ್ಲಿ ಜೇನು ಸಾಕಣೆಗಾರರೊಬ್ಬರ ಜೇನಿನಲ್ಲಿ ಎಂಒಎನ್ 810 ಜೋಳದ ಪರಾಗ ಸಿಕ್ಕಿ, ಅದು ಐರೋಪ್ಯ ಒಕ್ಕೂಟದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು. ಅಂಥ ಜೇನಿಗೂ ಅನುಮತಿ ಬೇಕು ಎಂದು 2011ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. 2014ರಲ್ಲಿ ಕಾನೂನನ್ನೇ ಬದಲಿಸಿ, ಪರಾಗ ಜೇನಿನ ಸಹಜ ಅಂಶ, ಹೊರಗಿನಿಂದ ಸೇರಿಸಿದ್ದಲ್ಲ ಎಂದು ತೀರ್ಮಾನಿಸಿದರು. ನೊಣಕ್ಕೆ ಅಪಾಯವೇ ಎಂಬುದು ಬೇರೆ ವಿಷಯ. ಪತಂಗ ಜಾತಿಯ ಹುಳುಗಳಿಗೆಂದು ಮಾಡಿದ ಕ್ರೈ ಪ್ರೋಟೀನು ಜೇನುನೊಣಕ್ಕೆ ತಗಲುವುದಿಲ್ಲ ಎಂದೇ ಪರೀಕ್ಷೆಗಳು ತೋರಿಸಿವೆ. ಆದರೆ ಕೊಡಗಿನ ಜೇನು ಹೆಸರಿನ ಮೇಲೆ ಮಾರಾಟವಾಗುವ ಸರಕು. ಇಲ್ಲಿಗೆ ಇಂಥ ಬೀಜ ಬರುವ ಮೊದಲು ಭಾಗಮಂಡಲ, ವಿರಾಜಪೇಟೆಯ ಜೇನು ಕೃಷಿಕರನ್ನು ಕೂರಿಸಿ ಕೇಳಬೇಕು.

ಪಕ್ಕದ ಹೊಲದ ಪರಾಗ ನಮ್ಮ ಜೋಳಕ್ಕೆ ಬಂದರೆ?

ಬಂದೇ ಬರುತ್ತದೆ, ಜೋಳದ ಪರಾಗ ಗಾಳಿಯಲ್ಲಿ ಹೋಗುತ್ತದೆ. ಹೈಬ್ರಿಡ್ ಬೀಜೋತ್ಪಾದನೆಗೇ 200 ಮೀಟರ್ ಅಂತರ ಕೇಳುತ್ತಾರೆ. ಮೆಕ್ಸಿಕೊದಂತೆ ನಮ್ಮ ಕಾಡಿನಲ್ಲಿ ಜೋಳದ ಜೊತೆ ಸಹಜವಾಗಿ ಕೂಡುವ ಕಾಡು ಸಂಬಂಧಿ ಗಿಡ ಇಲ್ಲವಾದ್ದರಿಂದ ಬ್ರಹ್ಮಗಿರಿ, ಪುಷ್ಪಗಿರಿಯ ಕಾಡಿಗೆ ಜೀನು ದಾಟುವ ಭಯವಿಲ್ಲ. ಮನೆಯ ಹಿತ್ತಲಿನಲ್ಲಿ ನಾಟಿ ಜೋಳ ಉಳಿಸಿಕೊಂಡವರು ಮಾತ್ರ ಎಚ್ಚರದಿಂದಿರಬೇಕಾಗುತ್ತದೆ.

ಜೀನ್ ಎಡಿಟಿಂಗ್ ಮಾಡಿದ ಬೀಜವೂ ಇದೇ ಸಾಲಿಗೆ ಸೇರುತ್ತದೆಯೇ?

ಜೀನ್ ಎಡಿಟಿಂಗ್ ಅಂದರೆ ಗಿಡದ ಸ್ವಂತ ಜೀನನ್ನೇ ತಿದ್ದುವುದು. ಹೊರಗಿನ ಜೀನು ಉಳಿದಿಲ್ಲದ ಕೆಲವು ಬಗೆಯ ಎಡಿಟಿಂಗನ್ನು 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 1989ರ ನಿಯಮಗಳ ಕೆಲವು ಭಾಗಗಳಿಂದ ಹೊರಗಿಟ್ಟಿದೆ. ಬಿಟಿಯಲ್ಲಿ ಬ್ಯಾಕ್ಟೀರಿಯದ ಜೀನು ಇರುವುದರಿಂದ ಅದಕ್ಕೆ ಈ ವಿನಾಯಿತಿ ಇಲ್ಲ.

ಅನುಮಾನ ಬಂದರೆ, ಮೋಸ ಹೋದರೆ ಎಲ್ಲಿಗೆ ಹೋಗಬೇಕು?

ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಲಿಖಿತ ದೂರು ಕೊಡಿ. ಕೃಷಿ ಅಧಿಕಾರಿಗಳೇ ಬೀಜ ಪರಿವೀಕ್ಷಕರಾಗಿರುತ್ತಾರೆ. ಅವರಿಗೆ ಅಂಗಡಿಯಿಂದ ಮಾತ್ರವಲ್ಲ, ಕೊಂಡವರ ಹತ್ತಿರ ಇರುವ ಬೀಜದಿಂದಲೂ ಮಾದರಿ ತೆಗೆಯುವ ಅಧಿಕಾರ ಇದೆ. ಮಾದರಿ ಮೂರು ಭಾಗವಾಗುತ್ತದೆ: ಒಂದು ಯಾರಿಂದ ತೆಗೆದರೋ ಅವರಿಗೆ, ಒಂದು ಪರೀಕ್ಷೆಗೆ, ಒಂದು ಪರಿವೀಕ್ಷಕರ ಬಳಿ. ಬೆಳೆಯ ಬಗ್ಗೆ ಸಲಹೆಗೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಇದೆ, ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಪರಿಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ಬೀಜ ಕೊಂಡ ರೈತನೂ ಗ್ರಾಹಕನೇ, ಬೀಜ ಕಾಯ್ದೆ ಇದೆ ಎಂಬ ಕಾರಣಕ್ಕೆ ಅವನನ್ನು ವಾಪಸ್ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ ರಾಷ್ಟ್ರೀಯ ಬೀಜ ನಿಗಮ ಮತ್ತು ಮಧುಸೂದನ ರೆಡ್ಡಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಪರೀಕ್ಷೆಗೆ ಬೀಜವೇ ಉಳಿದಿಲ್ಲ, ಎಲ್ಲ ಬಿತ್ತಿಬಿಟ್ಟಿದ್ದಾನೆ ಎಂಬ ಕಂಪನಿಯ ವಾದವನ್ನೂ ಅಲ್ಲಿ ಒಪ್ಪಲಿಲ್ಲ. ಕೊಂಡ ಬೀಜವನ್ನು ರೈತ ಬಿತ್ತುವುದು ಸಹಜ ತಾನೇ.

ಪ್ಯಾಕೆಟ್, ಚೀಟಿ ಎಷ್ಟು ದಿನ ಇಟ್ಟುಕೊಳ್ಳಬೇಕು?

ಕೊಯ್ಲು ಮುಗಿದು ಕಾಳು ಮಾರಿ ಹಣ ಕೈಸೇರುವ ತನಕ. ಬೆಳೆ ಹಾಳಾದದ್ದು ಬೀಜದ ದೋಷದಿಂದ ಎಂದು ರೈತ ಬರೆದುಕೊಟ್ಟರೆ, ಪರಿವೀಕ್ಷಕರು ಚೀಟಿ, ಚೀಲ, ಉಳಿದ ಬೀಜದ ಮಾದರಿ ವಶಕ್ಕೆ ತೆಗೆದುಕೊಂಡು ಕಾರಣ ಪತ್ತೆ ಮಾಡಬೇಕೆಂದು ಬೀಜ ನಿಯಮದಲ್ಲೇ ಇದೆ. ಬಿತ್ತಿದ ದಿನ ಒಂದು ಹಿಡಿ ಬೀಜ ತೆಗೆದಿಟ್ಟು, ಚೀಟಿಯ ಎರಡೂ ಬದಿಯ ಫೋಟೊ ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಖಾಲಿ ಚೀಲವನ್ನು ಶುಂಠಿ ತುಂಬಲು, ಸಗಣಿ ಹೊರಲು ಬಳಸುವ ರೂಢಿ ನಮ್ಮಲ್ಲಿದೆ. ಬಳಸುವ ಮೊದಲು ಹೊಲಿಗೆಯಲ್ಲಿ ಸಿಕ್ಕಿಸಿರುವ ಚೀಟಿಯನ್ನು ಬಿಚ್ಚಿ, ಬಿಲ್ಲಿನ ಜೊತೆ ಪಿನ್ ಮಾಡಿ, ಒಲೆಯ ಹೊಗೆಯೂ ಮಳೆಯ ತೇವವೂ ತಾಗದ ಕಡೆ ಇಡಿ.